ಮೂರು ಸಲ ಅಬಾರ್ಷನ್, ‘ಇಮ್ಯೂನ್ ತೊಂದರೆ’ ಅಂದಿದ್ದಾರೆ: ಯಾವ ಚಿಕಿತ್ಸೆ ಬೇಕು, ಯಾವುದು ಬೇಡ?

ಪ್ರಶ್ನೆ: ನನಗೆ 27 ವರ್ಷ. ಹೊಸದುರ್ಗ ತಾಲ್ಲೂಕಿನ ಹಳ್ಳಿ. ಗಂಡ ನನ್ನ ಸ್ವಂತ ಸೋದರಮಾವ. ಮೂರು ಸಲ ಅಬಾರ್ಷನ್ ಆಗಿದೆ. ಮೊದಲೆರಡು ಏಳೆಂಟು ವಾರಕ್ಕೇ ಹೋದವು, ಮೂರನೆಯದು ಹನ್ನೊಂದು ವಾರಕ್ಕೆ. ಅದರಲ್ಲಿ ಹಾರ್ಟ್‌ಬೀಟ್ ಚೆನ್ನಾಗಿತ್ತು, ಸ್ಕ್ಯಾನ್‌ನಲ್ಲಿ ನಾವೇ ನೋಡಿದ್ದೆವು. ಕ್ಲೀನ್ ಮಾಡಿಸಿದ ಎರಡು ವಾರಕ್ಕೆ ದಾವಣಗೆರೆಯಲ್ಲಿ ರಕ್ತಪರೀಕ್ಷೆ ಮಾಡಿಸಿದೆವು. ಕಾರ್ಡಿಯೋಲಿಪಿನ್ ಐಜಿಜಿ 58, ಲೂಪಸ್ ಆ್ಯಂಟಿಕೋಆಗ್ಯುಲಂಟ್ ‘ವೀಕ್ ಪಾಸಿಟಿವ್’, ಎಎನ್‌ಎ 1:80, ಟಾರ್ಚ್ ಟೆಸ್ಟ್‌ನಲ್ಲಿ ಎರಡು ಐಜಿಜಿ ಪಾಸಿಟಿವ್. ಅದಾಗಿ ಎರಡು ತಿಂಗಳಾಯಿತು. ಅಲ್ಲಿನ ಡಾಕ್ಟರು ಮುಂದಿನ ಸಲ ದಿನಾ ಹೊಟ್ಟೆಗೆ ಇಂಜೆಕ್ಷನ್ ಬೇಕಾಗಬಹುದು ಅಂದರು. ಆಮೇಲೆ ದೊಡ್ಡ ಊರಿನ ಒಂದು ಸೆಂಟರಿಗೆ ಹೋದೆವು. ‘ಸಂಬಂಧದಲ್ಲಿ ಮದುವೆಯಾಗಿದ್ದೀರಿ, ಇಬ್ಬರದೂ ಒಂದೇ ರಕ್ತ, ಅದಕ್ಕೇ ನಿಮ್ಮ ಮೈ ಮಗುವನ್ನು ಗುರುತಿಸುತ್ತಿಲ್ಲ. ಗಂಡನ ರಕ್ತದ ಬಿಳಿಕಣ ತೆಗೆದು ನಿಮಗೆ ಚುಚ್ಚಬೇಕು’ ಎಂದು ಮುಂದಿನ ತಿಂಗಳ ತಾರೀಖು ಕೊಟ್ಟಿದ್ದಾರೆ. ಅತ್ತೆಯೂ ಆಗಿರುವ ನನ್ನ ಅಜ್ಜಿ, ಹೊಟ್ಟೆಗೆ ಸೂಜಿ ಚುಚ್ಚಿದರೆ ಕೂಸಿಗೆ ತಾಗುತ್ತದೆ, ಬೇಡವೇ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ? ನನ್ನ ಮೈಯೇ ನನ್ನ ಮಗುವನ್ನು ಕೊಲ್ಲುತ್ತಿದೆಯಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಮುಂದಿನದು ಓದಿದರೂ ಒಳಗೆ ಇಳಿಯುವುದಿಲ್ಲ. ಇಲ್ಲ, ನಿಮ್ಮ ಮೈ ಮಗುವನ್ನು ಕೊಲ್ಲುತ್ತಿಲ್ಲ. ನಿಮ್ಮ ರಿಪೋರ್ಟು ಬೆರಳು ತೋರಿಸುತ್ತಿರುವ ಕಾಯಿಲೆ ನಿಜವಾಗಿ ಇದ್ದರೂ, ತೊಂದರೆ ಶುರುವಾಗುವುದು ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಡುವ ಜಾಗದಲ್ಲಿ. ಅದಕ್ಕೆ ಔಷಧಿ ಇದೆ. ಆದರೆ ಆ ಕಾಯಿಲೆ ನಿಮಗೆ ಇದೆಯೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗುವ ಮೊದಲೇ ಯಾರೋ ಚಿಕಿತ್ಸೆಗೆ ತಾರೀಖು ಕೊಟ್ಟಿದ್ದಾರೆ, ನನಗೆ ಕಸಿವಿಸಿಯಾಗಿದ್ದು ಅಲ್ಲಿ.

ನಿಮ್ಮ ರಿಪೋರ್ಟಿನಲ್ಲಿ ತೂಕ ಇರುವುದು ಎರಡೇ ಸಾಲಿಗೆ: ಕಾರ್ಡಿಯೋಲಿಪಿನ್ ಮತ್ತು ಲೂಪಸ್ ಆ್ಯಂಟಿಕೋಆಗ್ಯುಲಂಟ್. ಎರಡೂ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬ ಕಾಯಿಲೆಯ ಗುರುತುಗಳು. ನಾವು ಅದನ್ನು ಎಪಿಎಸ್ ಅನ್ನುತ್ತೇವೆ. 1983ರಲ್ಲಿ ಲಂಡನ್ನಿನ ಡಾ. ಗ್ರಹಾಂ ಹ್ಯೂಸ್ ಇದನ್ನು ವಿವರಿಸಿದರು. ರೋಗನಿರೋಧಕ ವ್ಯವಸ್ಥೆ ಸೋಂಕಿನ ವಿರುದ್ಧ ತಯಾರಿಸಬೇಕಾದ ಆ್ಯಂಟಿಬಾಡಿಗಳು ದಾರಿ ತಪ್ಪಿ, ನಮ್ಮದೇ ರಕ್ತದಲ್ಲಿರುವ ಬೀಟಾ-2 ಗ್ಲೈಕೋಪ್ರೋಟೀನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಈ ಪ್ರೋಟೀನು ಮಾಸಿನ ಕೋಶಗಳ ಮೇಲೂ ಕೂತಿರುತ್ತದೆ. ಹೀಗಾಗಿ ಮಾಸಿನ ಕೋಶಗಳು ಗರ್ಭಕೋಶದ ಒಳಗೆ ಸರಿಯಾಗಿ ಇಳಿಯುವುದಿಲ್ಲ, ಆ ಜಾಗದಲ್ಲಿ ಉರಿಯೂತ ಏಳುತ್ತದೆ, ತಿಂಗಳು ಮುಂದೆ ಹೋದಂತೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪೂ ಕಟ್ಟಬಹುದು. ಮಗುವಿಗೆ ಹೋಗುವ ರಕ್ತ ಸಾಲದೆ ಬರುತ್ತದೆ. ಗಂಡ ಯಾರು, ಅವರ ರಕ್ತದ ಗುಂಪು ಯಾವುದು, ಮದುವೆ ಸಂಬಂಧದಲ್ಲೋ ಹೊರಗೋ ಎಂಬುದಕ್ಕೂ ಇದಕ್ಕೂ ಏನೇನೂ ನಂಟಿಲ್ಲ. ಇದೇ ಆ್ಯಂಟಿಬಾಡಿ ಬಸಿರಲ್ಲದ ಹೆಂಗಸರಲ್ಲೂ ಗಂಡಸರಲ್ಲೂ ಇರುತ್ತದೆ, ಅವರಿಗೆ ಕಾಲಿನ ರಕ್ತನಾಳದಲ್ಲೋ ಮಿದುಳಿನಲ್ಲೋ ಹೆಪ್ಪು ಕಟ್ಟಿಸಬಹುದು.

ಈಗ ‘ತೀರ್ಮಾನವಾಗಿಲ್ಲ’ ಅಂದದ್ದು ಏಕೆ ಎಂದು ಹೇಳುತ್ತೇನೆ. ಈ ಆ್ಯಂಟಿಬಾಡಿಗಳು ಒಂದು ಜ್ವರ ಬಂದು ಹೋದರೂ ರಕ್ತದಲ್ಲಿ ತಲೆ ಎತ್ತಿ, ಕೆಲವು ವಾರ ಇದ್ದು ಮಾಯವಾಗುತ್ತವೆ. ಹಾಗಾಗಿ 2006ರಲ್ಲಿ ಪ್ರಕಟವಾದ, ಸಿಡ್ನಿ ಮಾನದಂಡ ಎಂದೇ ನಾವು ಕರೆಯುವ ನಿಯಮದ ಪ್ರಕಾರ ಪರೀಕ್ಷೆ ಎರಡು ಸಲ ಪಾಸಿಟಿವ್ ಬರಬೇಕು, ನಡುವೆ ಕನಿಷ್ಠ 12 ವಾರ ಕಳೆದಿರಬೇಕು. ಕಾರ್ಡಿಯೋಲಿಪಿನ್ ಆದರೆ 40 ಯೂನಿಟ್‌ಗಿಂತ ಮೇಲಿರಬೇಕು. ನಿಮ್ಮದು 58, ಅಂದರೆ ಸುಮ್ಮನೆ ತಳ್ಳಿಹಾಕುವ ಸಂಖ್ಯೆಯಲ್ಲ. 15, 18 ಬಂದವರೂ ‘ಪಾಸಿಟಿವ್’ ಎಂದು ಕೆಂಪಕ್ಷರದಲ್ಲಿ ಅಚ್ಚಾದ ಕಾಗದ ಹಿಡಿದು ಅಳುತ್ತಾ ಬರುತ್ತಾರೆ, ಅವರಿಗೆ ನಾನು ಹೇಳುವುದೇ ಬೇರೆ. ಆದರೆ ನಿಮ್ಮ ರಕ್ತ ತೆಗೆದದ್ದು ಗರ್ಭ ಹೋದ ಎರಡೇ ವಾರಕ್ಕೆ. ಬಸಿರಿನಲ್ಲೂ ಅದು ಮುಗಿದ ಹೊಸತರಲ್ಲೂ ರಕ್ತ ಹೆಪ್ಪುಗಟ್ಟುವ ಅಂಶಗಳೇ ಏರುಪೇರಾಗಿರುತ್ತವೆ, ಲೂಪಸ್ ಆ್ಯಂಟಿಕೋಆಗ್ಯುಲಂಟ್ ಪರೀಕ್ಷೆ ಆಗ ಎತ್ತಲಾದರೂ ವಾಲಬಹುದು. ಕನಿಷ್ಠ ಆರು ವಾರ ಬಿಟ್ಟು ಮಾಡಿಸಬೇಕಾದ ಪರೀಕ್ಷೆ ಅದು. ‘ವೀಕ್ ಪಾಸಿಟಿವ್’ ಎಂಬ ಆ ಸಾಲನ್ನು ಸದ್ಯಕ್ಕೆ ನಂಬಲೂ ಬೇಡಿ, ಬಿಡಲೂ ಬೇಡಿ.

ನಿಮಗೆ ಮೂರು ಸಲ ಹೋಗಿದೆ, ಅದರಲ್ಲಿ ಒಂದು ಹತ್ತು ವಾರ ದಾಟಿ, ಎದೆಬಡಿತ ಬಂದ ಮೇಲೆ. ಇದು ಎಪಿಎಸ್ ಕಡೆಗೆ ಅನುಮಾನ ಹೆಚ್ಚಿಸುವ ಸಂಗತಿ. ಹತ್ತು ವಾರದೊಳಗೆ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚು ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಎಣಿಕೆ ತಪ್ಪಿ ಹೋಗುವಂಥವು, ಅದು ತಾಯಿಯ ಕೈಯಲ್ಲಿಲ್ಲ. ಹತ್ತು ವಾರ ದಾಟಿ, ಬೆಳವಣಿಗೆ ಸರಿಯಿದ್ದ ಮಗು ಹೋದರೆ ನಾವು ಮಾಸಿನ ಕಡೆ ಹೆಚ್ಚು ನೋಡುತ್ತೇವೆ. ಮೂರನೇ ಸಲ ಹೊರಬಂದದ್ದನ್ನು ಪರೀಕ್ಷೆಗೆ ಕಳಿಸಿದ್ದರೋ ಇಲ್ಲವೋ ನೀವು ಬರೆದಿಲ್ಲ. ಬಹುತೇಕ ಕಡೆ ಕಳಿಸುವುದಿಲ್ಲ, ಕಳಿಸಿದರೂ ಫಾರ್ಮಲಿನ್‌ನಲ್ಲಿ ಹಾಕಿಬಿಡುತ್ತಾರೆ. ವರ್ಣತಂತು ಪರೀಕ್ಷೆಗೆ ಅದನ್ನು ಸ್ಟೆರೈಲ್ ಬಾಟಲಿಯಲ್ಲಿ ನಾರ್ಮಲ್ ಸಲೈನ್‌ನಲ್ಲಿ ಹಾಕಿ ಕಳಿಸಬೇಕು. ನಿಮಗೆ ಇದು ಮತ್ತೆ ಬೇಕಾಗದಿರಲಿ. ಇದನ್ನು ಓದುತ್ತಿರುವ ಬೇರೆಯವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆದೆ.

ಎರಡನೇ ಪರೀಕ್ಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ತಪ್ಪುವುದೇ ಇಲ್ಲಿ. ಮೂರು ಪರೀಕ್ಷೆ ಬರೆಸಿಕೊಳ್ಳಿ: ಲೂಪಸ್ ಆ್ಯಂಟಿಕೋಆಗ್ಯುಲಂಟ್, ಕಾರ್ಡಿಯೋಲಿಪಿನ್ ಐಜಿಜಿ ಮತ್ತು ಐಜಿಎಂ, ಬೀಟಾ-2 ಗ್ಲೈಕೋಪ್ರೋಟೀನ್ ಐಜಿಜಿ ಮತ್ತು ಐಜಿಎಂ (ಐಜಿಜಿ, ಐಜಿಎಂ ಅಂದರೆ ಆ್ಯಂಟಿಬಾಡಿಯ ಎರಡು ಬಗೆ). ಮೂರನೆಯದು ನಿಮಗೆ ಮಾಡಿಸಿದಂತೆ ಕಾಣುವುದಿಲ್ಲ. ಮೂರೂ ಪಾಸಿಟಿವ್ ಬಂದರೆ ಅಪಾಯ ಹೆಚ್ಚು, ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡುತ್ತೇವೆ. ಲೂಪಸ್ ಆ್ಯಂಟಿಕೋಆಗ್ಯುಲಂಟ್‌ಗೆ ರಕ್ತ ತೆಗೆಯುವುದು ನೀಲಿ ಮುಚ್ಚಳದ ಟ್ಯೂಬಿನಲ್ಲಿ. ಅದರಲ್ಲಿ ಮೊದಲೇ ಸಿಟ್ರೇಟ್ ದ್ರಾವಣ ಇರುತ್ತದೆ, ರಕ್ತ ಸರಿಯಾಗಿ ಗೆರೆಯವರೆಗೆ ತುಂಬಬೇಕು. ಕಡಿಮೆ ತುಂಬಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ನಾಲ್ಕು ಗಂಟೆಯೊಳಗೆ ಅದನ್ನು ಎರಡು ಸಲ ಯಂತ್ರದಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾ ಬೇರ್ಪಡಿಸಬೇಕು. ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆಯ ಬಸ್ಸಿಗೆ ಹೊರಟು ಮಾರನೇ ದಿನ ಬೆಂಗಳೂರು ಸೇರಿದರೆ, ಬರುವ ಉತ್ತರಕ್ಕೆ ಬೆಲೆ ಕಮ್ಮಿ. ಕಾರ್ಡಿಯೋಲಿಪಿನ್ ಹಾಗಲ್ಲ, ಅದು ಪ್ರಯಾಣ ತಡೆದುಕೊಳ್ಳುತ್ತದೆ. ಹಾಗಾಗಿ ಒಂದು ದಿನ ಬಿಡುವು ಮಾಡಿಕೊಂಡು ಚಿತ್ರದುರ್ಗಕ್ಕೋ ದಾವಣಗೆರೆಗೋ ಬನ್ನಿ, ಕೌಂಟರಿನಲ್ಲಿ ‘ಪ್ಲಾಸ್ಮಾ ಇಲ್ಲೇ ಬೇರ್ಪಡಿಸುತ್ತೀರಾ’ ಎಂದು ಬಾಯಿ ಬಿಟ್ಟು ಕೇಳಿ. ಮೊದಲಿನ ಪರೀಕ್ಷೆ ಮಾಡಿದ ಲ್ಯಾಬ್ ಚೆನ್ನಾಗಿದ್ದರೆ ಅಲ್ಲೇ ಮಾಡಿಸಿ, ಸಂಖ್ಯೆ ಹೋಲಿಸಲು ಸುಲಭ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರುವಾದ ಮೇಲೆ ಈ ಪರೀಕ್ಷೆ ಮಾಡಿಸಿದರೆ ಕೆಡುತ್ತದೆ, ಆಸ್ಪಿರಿನ್‌ನಿಂದ ಕೆಡುವುದಿಲ್ಲ.

ಈ ನಡುವೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಆದರೆ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಮಾತ್ರೆ ನಿಮಗೆ ಬೇಡ. ಅದರಲ್ಲಿ ಈಸ್ಟ್ರೋಜನ್ ಇದೆ. ಎಪಿಎಸ್ ಇರುವವರಿಗೆ ಈಸ್ಟ್ರೋಜನ್ ಸೇರಿದರೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಕಾಂಡೋಮ್ ಸಾಕು. ಆಶಾ ಕಾರ್ಯಕರ್ತೆಗೂ ಈ ಮಾತು ಹೇಳಿಡಿ, ಅವರು ಒಳ್ಳೆಯದಕ್ಕೇ ಮಾತ್ರೆ ತಂದುಕೊಟ್ಟಿರುತ್ತಾರೆ.

ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಕೆಲವು ಸಂಗತಿಗಳಿವೆ. ಯಾವಾಗಲಾದರೂ ಒಂದೇ ಕಾಲು ಊದಿಕೊಂಡು ನೋವು ಬಂದಿತ್ತೇ? ಮೈಮೇಲೆ ಬಲೆಯ ಹಾಗೆ ನೀಲಿ ಗೆರೆ ಮೂಡುತ್ತವೆಯೇ? ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಮ್ಮಿ ಬಂದಿತ್ತೇ? ತಾಯಿ ಕಾರ್ಡಿನಲ್ಲಿ ವಿಡಿಆರ್‌ಎಲ್ ಪಾಸಿಟಿವ್ ಎಂದು ಬರೆದು, ಮರುಪರೀಕ್ಷೆಯಲ್ಲಿ ‘ಏನೂ ಇಲ್ಲ’ ಅಂದಿದ್ದರೇ? ಈ ಕೊನೆಯದು ವಿಚಿತ್ರ ಅನ್ನಿಸಬಹುದು. ವಿಡಿಆರ್‌ಎಲ್ ಸಿಫಿಲಿಸ್ ಎಂಬ ಲೈಂಗಿಕ ರೋಗದ ಪತ್ತೆಯ ಪರೀಕ್ಷೆ, ಅದರಲ್ಲಿ ಬಳಸುವುದೂ ಕಾರ್ಡಿಯೋಲಿಪಿನ್ನನ್ನೇ. ಆದ್ದರಿಂದ ಎಪಿಎಸ್ ಇರುವವರಲ್ಲಿ ಸಿಫಿಲಿಸ್ ಇಲ್ಲದೆಯೂ ಅದು ಪಾಸಿಟಿವ್ ತೋರಿಸುತ್ತದೆ. ಈ ಒಂದು ಸಾಲಿನಿಂದ ಗಂಡ-ಹೆಂಡತಿ ನಡುವೆ ಅನುಮಾನ ಹುಟ್ಟಿದ ಮನೆಗಳಿವೆ.

ಎರಡನೇ ಪರೀಕ್ಷೆಯೂ ಪಾಸಿಟಿವ್ ಬಂತು ಅಂತಿಟ್ಟುಕೊಳ್ಳಿ. ಆಗ ಚಿಕಿತ್ಸೆ ಎರಡು ಔಷಧಿಯದು. ಕಡಿಮೆ ಡೋಸಿನ ಆಸ್ಪಿರಿನ್, ಸಾಮಾನ್ಯವಾಗಿ 75 ಮಿಲಿಗ್ರಾಂ, ಗರ್ಭಕ್ಕೆ ಪ್ರಯತ್ನ ಶುರು ಮಾಡುವಾಗಲೇ ಆರಂಭ. ಮುಟ್ಟು ತಪ್ಪಿ ಮೂತ್ರಪರೀಕ್ಷೆಯಲ್ಲಿ ಎರಡು ಗೆರೆ ಬಂದ ಕೂಡಲೇ ಹೆಪಾರಿನ್. ಈಗ ಹೆಚ್ಚಾಗಿ ಕೊಡುವುದು ಅದರದೇ ಒಂದು ಬಗೆಯಾದ ಎನಾಕ್ಸಾಪರಿನ್ 40 ಮಿಲಿಗ್ರಾಂ, ದಿನಕ್ಕೊಂದು. ಮೈತೂಕ ಹೆಚ್ಚಿದ್ದರೆ ಅಥವಾ ಹಿಂದೆ ಹೆಪ್ಪುಗಟ್ಟಿದ್ದರೆ ಡೋಸ್ ಬೇರೆ. ಇದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಹೆಸರಾದದ್ದು 1997ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಿಂದ ಬಂತು. ಎಪಿಎಸ್ ಇದ್ದು ಮತ್ತೆ ಮತ್ತೆ ಗರ್ಭಪಾತವಾದ 90 ಹೆಂಗಸರಲ್ಲಿ ಆಸ್ಪಿರಿನ್ ಮಾತ್ರ ತೆಗೆದುಕೊಂಡವರಲ್ಲಿ 42 ಶೇಕಡಾ, ಜೊತೆಗೆ ಹೆಪಾರಿನ್ ತೆಗೆದುಕೊಂಡವರಲ್ಲಿ 71 ಶೇಕಡಾ ಮಕ್ಕಳನ್ನು ಕೈಗೆತ್ತಿಕೊಂಡರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಅಂತರ ಇಷ್ಟು ದೊಡ್ಡದಾಗಿ ಕಂಡಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಎಲ್ಲವನ್ನೂ ಕೂಡಿಸಿ ನೋಡಿದಾಗ ಎರಡೂ ಔಷಧಿ ಸೇರಿಸಿ ಕೊಡುವುದೇ ಮೇಲು ಎಂದು ಯುರೋಪಿನ, ಬ್ರಿಟನ್ನಿನ ಮಾರ್ಗಸೂಚಿಗಳು ಹೇಳುತ್ತವೆ. ನಾನೂ ಹಾಗೇ ಕೊಡುತ್ತೇನೆ.

ಅಜ್ಜಿಯ ಮಾತಿಗೆ ಬರುತ್ತೇನೆ. ಅವರ ಭಯ ಅವರೊಬ್ಬರದೇ ಅಲ್ಲ, ನಮ್ಮ ಒಪಿಡಿಗೆ ಬರುವ ಮುಕ್ಕಾಲು ಪಾಲು ಹಿರಿಯರದು. ಮುಂದಿನ ಸಲ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಸೂಜಿಯನ್ನು ಕಣ್ಣಾರೆ ನೋಡಲಿ. ಎನಾಕ್ಸಾಪರಿನ್ ಸಿರಿಂಜಿನ ಸೂಜಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅದು ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ. ಕೊಬ್ಬಿನ ಕೆಳಗೆ ಸ್ನಾಯುವಿನ ಪದರ, ಅದರ ಕೆಳಗೆ ಗರ್ಭಕೋಶದ ದಪ್ಪ ಗೋಡೆ, ಅದರೊಳಗೆ ನೀರಿನ ಚೀಲ, ಅದರಲ್ಲಿ ಕೂಸು. ಅಲ್ಲಿಯವರೆಗೆ ಸೂಜಿ ಮುಟ್ಟುವುದಿಲ್ಲ. ಔಷಧಿಯೂ ಮುಟ್ಟುವುದಿಲ್ಲ: ಹೆಪಾರಿನ್‌ನ ಕಣ ದೊಡ್ಡದು, ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಹೋಗಲಾರದು. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ವಾರ್ಫರಿನ್ ಮಗುವಿಗೆ ಹೋಗುತ್ತದೆ, ಮೊದಲ ತಿಂಗಳುಗಳಲ್ಲಿ ಅಂಗವೈಕಲ್ಯ ತರಬಹುದು. ಅದಕ್ಕೇ ಮಾತ್ರೆ ಬಿಟ್ಟು ಇಂಜೆಕ್ಷನ್. ಅಜ್ಜಿಗೆ ಇನ್ನೂ ಸಮಾಧಾನ ಆಗದಿದ್ದರೆ ತೊಡೆಯ ಹೊರಬದಿಗೆ ಹಾಕಿಕೊಳ್ಳಬಹುದು, ಕೆಲಸ ಅಷ್ಟೇ ಆಗುತ್ತದೆ.

ಹಾಕಿಕೊಳ್ಳುವುದನ್ನು ನೀವೇ ಕಲಿಯಿರಿ. ದಿನಾ ಹಳ್ಳಿಯಿಂದ ಆಸ್ಪತ್ರೆಗೆ ಓಡಾಡುವುದು ಒಂಬತ್ತು ತಿಂಗಳು ನಡೆಯುವ ಮಾತಲ್ಲ. ಕೂತುಕೊಂಡು ಅಥವಾ ಒರಗಿಕೊಂಡು, ಹೊಕ್ಕುಳದಿಂದ ಮೂರು ನಾಲ್ಕು ಬೆರಳು ದೂರ ಪಕ್ಕಕ್ಕೆ, ಎರಡು ಬೆರಳಲ್ಲಿ ಚರ್ಮ ಮಡಚಿ ಹಿಡಿಯಿರಿ. ಸಿರಿಂಜಿನಲ್ಲಿ ಸಣ್ಣ ಗಾಳಿಗುಳ್ಳೆ ಕಾಣುತ್ತದೆ. ಎಲ್ಲರೂ ಅದನ್ನು ಹೊರಹಾಕಲು ಹೋಗುತ್ತಾರೆ, 40ರ ಸಿರಿಂಜಿನಲ್ಲಿ ಹಾಗೆ ಮಾಡಬಾರದು. ಗುಳ್ಳೆ ಕೊನೆಯಲ್ಲಿ ಹೋಗಿ ಔಷಧಿಯನ್ನು ಪೂರ್ತಿ ಒಳಕ್ಕೆ ತಳ್ಳುತ್ತದೆ. ಸೂಜಿ ನೇರವಾಗಿ ಇಳಿಸಿ, ನಿಧಾನಕ್ಕೆ ಒತ್ತಿ, ಸೂಜಿ ತೆಗೆಯುವವರೆಗೂ ಮಡಿಕೆ ಬಿಡಬೇಡಿ. ಆಮೇಲೆ ಉಜ್ಜಬೇಡಿ. ಉಜ್ಜಿದರೆ ಅಂಗೈಯಗಲ ನೀಲಿಗಟ್ಟುತ್ತದೆ, ಮನೆಯವರು ಹೆದರಿ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ. ಇವತ್ತು ಎಡಕ್ಕೆ ಹಾಕಿದರೆ ನಾಳೆ ಬಲಕ್ಕೆ. ಔಷಧಿಯನ್ನು 25 ಡಿಗ್ರಿ ಒಳಗೆ ಇಡಬೇಕು. ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯ ಕಪಾಟಿನಲ್ಲಿ ಅದು ಸಾಧ್ಯವಿಲ್ಲ, ಫ್ರಿಜ್ಜಿನ ಬಾಗಿಲಿನಲ್ಲಿಡಿ, ಐಸ್ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತಪಾಸಣೆಗೆ ಬರುವಾಗ ಆಸ್ಪತ್ರೆಗೆ ತಂದುಕೊಡಿ, ತಿಪ್ಪೆಗೆ ಎಸೆಯಬೇಡಿ. ಎನಾಕ್ಸಾಪರಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಗೆ ಸರ್ಕಾರದ ಮಿತಿ ಇದೆ. ಆದರೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸ ಇರುತ್ತದೆ, ಒಂಬತ್ತು ತಿಂಗಳ ಲೆಕ್ಕ ಹಾಕಿ ವಿಚಾರಿಸಿ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಸಸ್ಯಾಹಾರಿ ಮನೆಗಳವರು ಕೇಳುತ್ತಾರೆ, ಕೇಳದೆಯೇ ಗೊತ್ತಾದಾಗ ಬೇಸರಪಡುತ್ತಾರೆ. ಎನಾಕ್ಸಾಪರಿನ್ ತಯಾರಾಗುವುದು ಹಂದಿಯ ಕರುಳಿನ ಪದರದಿಂದ. ಪ್ರಯೋಗಾಲಯದಲ್ಲೇ ತಯಾರಾಗುವ ಫೊಂಡಾಪರಿನಕ್ಸ್ ಎಂಬ ಪರ್ಯಾಯ ಇದೆ, ಬಸಿರಿನಲ್ಲಿ ಅದರ ಅನುಭವ ಕಡಿಮೆ. ನಾನು ಮೊದಲೇ ಹೇಳಿ, ನಿರ್ಧಾರ ಅವರಿಗೆ ಬಿಡುತ್ತೇನೆ.

ಈಗ ಗಂಡನ ಬಿಳಿರಕ್ತಕಣದ ವಿಷಯ. ಇದರ ಹಿಂದೆ ಒಂದು ಹಳೆಯ ಊಹೆ ಇದೆ. 1953ರಲ್ಲಿ ಪೀಟರ್ ಮೆಡಾವರ್ ಎಂಬ ವಿಜ್ಞಾನಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು: ಮಗುವಿನಲ್ಲಿ ಅರ್ಧ ತಂದೆಯ ಅಂಶ, ಅಂದರೆ ತಾಯಿಯ ಮೈಗೆ ಅದು ಪರಕೀಯ, ಹಾಗಿದ್ದೂ ತಾಯಿಯ ಮೈ ಅದನ್ನು ಏಕೆ ತಿರಸ್ಕರಿಸುವುದಿಲ್ಲ? ತಾಯಿಯ ಮೈ ತಂದೆಯ ಅಂಶವನ್ನು ಗುರುತಿಸಿ ರಕ್ಷಣೆ ಕೊಡುತ್ತದೆ, ಗಂಡ-ಹೆಂಡತಿಯ ಅಂಶ ಬಹಳ ಹೋಲುತ್ತಿದ್ದರೆ ಆ ಗುರುತು ಸಿಗುವುದಿಲ್ಲ ಎಂದು ಆಮೇಲೆ ಕೆಲವರು ಊಹಿಸಿದರು. ಹಾಗಾದರೆ ಗಂಡನ ಬಿಳಿಕಣವನ್ನು ಮೊದಲೇ ಚುಚ್ಚಿ ಪರಿಚಯ ಮಾಡಿಸೋಣ ಎಂದು 1980ರ ದಶಕದಲ್ಲಿ ಚಿಕಿತ್ಸೆ ಶುರುವಾಯಿತು. 1985ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನ ಒಳ್ಳೆಯ ಫಲ ತೋರಿಸಿತ್ತು ಕೂಡ. ಊಹೆ ಕೇಳಲು ಚೆನ್ನಾಗಿದೆ, ಸಂಬಂಧದಲ್ಲಿ ಮದುವೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಮನಸ್ಸಿಗೂ ಬೇಗ ನಾಟುತ್ತದೆ. ಆದರೆ 1999ರಲ್ಲಿ ದೊಡ್ಡದಾಗಿ, ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದಾಗ ಫಲ ತಲೆಕೆಳಗಾಯಿತು. ಗರ್ಭ ನಿಂತವರಲ್ಲಿ ಗಂಡನ ಕಣ ಚುಚ್ಚಿಸಿಕೊಂಡವರಿಗೆ 46 ಶೇಕಡಾ, ಬರೀ ಸಲೈನ್ ಚುಚ್ಚಿಸಿಕೊಂಡವರಿಗೆ 65 ಶೇಕಡಾ ಗರ್ಭ ಉಳಿಯಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಂಶೋಧನೆಯ ಹೊರಗೆ ಇದನ್ನು ಮಾಡಕೂಡದು ಎಂದು ವೈದ್ಯರಿಗೆ ಪತ್ರ ಬರೆಯಿತು. ಯುರೋಪಿನ ಮಾರ್ಗಸೂಚಿಯೂ ಬೇಡ ಅನ್ನುತ್ತದೆ. ಬೇರೆಯವರ ರಕ್ತಕಣ ಮೈಗೆ ಸೇರುವಾಗ ಸೋಂಕಿನ ಭಯ, ಮುಂದೆ ಮಗುವಿನ ರಕ್ತಕಣಗಳ ವಿರುದ್ಧವೇ ಆ್ಯಂಟಿಬಾಡಿ ಹುಟ್ಟುವ ಭಯ ಬೇರೆ. ನಿಮ್ಮ ವಿಷಯದಲ್ಲಂತೂ ಇದು ಎರಡು ಪಟ್ಟು ಅಸಂಬದ್ಧ: ಕೈಯಲ್ಲಿರುವ ರಿಪೋರ್ಟು ಎಪಿಎಸ್ ಕಡೆ ತೋರಿಸುತ್ತಿದೆ, ಎಪಿಎಸ್‌ಗೂ ಗಂಡನ ಅಂಶಕ್ಕೂ ಸಂಬಂಧವೇ ಇಲ್ಲ.

ಸೋದರಮಾವನನ್ನು ಮದುವೆಯಾದದ್ದಕ್ಕೆ ಗರ್ಭ ಮತ್ತೆ ಮತ್ತೆ ಹೋಗುತ್ತಿದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸಂಬಂಧದ ಮದುವೆಯಲ್ಲಿ ನಾವು ಚಿಂತಿಸುವುದು ಬೇರೆಯದಕ್ಕೆ: ಇಬ್ಬರೂ ಒಂದೇ ಸುಪ್ತ ಜೀನ್ ಹೊತ್ತಿದ್ದರೆ ಮಗುವಿಗೆ ಆನುವಂಶಿಕ ಕಾಯಿಲೆ ಬರುವ ಸಾಧ್ಯತೆ. ಅದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಒಂದು ಸಲ ಮಾಡಿಸಿ, ಕುಟುಂಬದಲ್ಲಿ ಚಿಕ್ಕ ವಯಸ್ಸಿಗೆ ತೀರಿಕೊಂಡ, ಕಿವಿ ಕೇಳದ, ಬುದ್ಧಿ ಬೆಳೆಯದ ಮಕ್ಕಳಿದ್ದರೆ ತಪ್ಪದೆ ಹೇಳಿ. ನಿಮ್ಮ ಮನೆಯಲ್ಲಿ ಅತ್ತೆ, ಅಮ್ಮ, ಗಂಡ ಎಲ್ಲರೂ ಒಂದೇ ಬಳ್ಳಿಯವರು, ಹಾಗಾಗಿ ‘ನೀವೇ ಈ ಮದುವೆ ಮಾಡಿಸಿದ್ದು’ ಎಂಬ ಮಾತು ಎಲ್ಲಿಂದ ಎಲ್ಲಿಗಾದರೂ ಹಾರಬಹುದು. ಆ ಮಾತಿಗೆ ವೈದ್ಯಕೀಯದ ಬೆಂಬಲ ಇಲ್ಲ ಎಂದು ನನ್ನ ಹೆಸರು ಹೇಳಿಯೇ ಹೇಳಿ.

ಉಳಿದ ರಿಪೋರ್ಟುಗಳನ್ನು ಬೇಗ ಮುಗಿಸುತ್ತೇನೆ. ಟಾರ್ಚ್ ಅಂದರೆ ಬಸಿರಿನಲ್ಲಿ ಬಂದರೆ ಮಗುವಿಗೆ ತೊಂದರೆ ಕೊಡುವ ಕೆಲವು ಸೋಂಕುಗಳ ಪರೀಕ್ಷೆ. ಅದರಲ್ಲಿ ಐಜಿಜಿ ಪಾಸಿಟಿವ್ ಅಂದರೆ ಹಿಂದೆ ಯಾವಾಗಲೋ ಆ ಸೋಂಕು ಬಂದು ಹೋಗಿದೆ, ಅಥವಾ ರುಬೆಲ್ಲಾ ಆದರೆ ಲಸಿಕೆ ಹಾಕಿಸಿದ್ದಾರೆ, ಅಷ್ಟೇ. ಮತ್ತೆ ಮತ್ತೆ ಆಗುವ ಗರ್ಭಪಾತಕ್ಕೆ ಟಾರ್ಚ್ ಮಾಡಿಸುವುದೇ ಬೇಡ ಎಂದು ಮಾರ್ಗಸೂಚಿಗಳು ಹೇಳಿ ವರ್ಷಗಳಾದವು, ನಮ್ಮಲ್ಲಿ ಅದು ಇನ್ನೂ ನಿಂತಿಲ್ಲ. ಎಎನ್‌ಎ ಅಂದರೆ ನಮ್ಮದೇ ಕೋಶಗಳ ವಿರುದ್ಧ ಹುಟ್ಟುವ ಇನ್ನೊಂದು ಆ್ಯಂಟಿಬಾಡಿ, ಅದು 1:80 ಮಟ್ಟದಲ್ಲಿ ಆರೋಗ್ಯವಂತರಲ್ಲೂ ನೂರಕ್ಕೆ ಹದಿಮೂರು ಜನರಲ್ಲಿ ಕಾಣುತ್ತದೆ. ಕೀಲುನೋವು, ಬಿಸಿಲಿಗೆ ಮುಖದಲ್ಲಿ ಕೆಂಪು, ಬಾಯಲ್ಲಿ ಹುಣ್ಣು, ಕೂದಲು ಗೊಂಚಲಾಗಿ ಉದುರುವುದು, ಮೂತ್ರದಲ್ಲಿ ಪ್ರೋಟೀನು ಇವು ಯಾವುದಾದರೂ ಇದ್ದರೆ ಮಾತ್ರ ಲೂಪಸ್ ಎಂಬ, ರೋಗನಿರೋಧಕ ವ್ಯವಸ್ಥೆ ನಮ್ಮದೇ ಅಂಗಗಳ ಮೇಲೆ ತಿರುಗುವ ಕಾಯಿಲೆಗಾಗಿ ಮುಂದೆ ನೋಡಬೇಕು. ಲೂಪಸ್ ಇದ್ದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಬಸಿರಿನಲ್ಲೂ ಮುಂದುವರಿಸಬೇಕು. ಕಾಯಿಲೆ ಆರು ತಿಂಗಳಾದರೂ ತಣ್ಣಗಿದ್ದ ಮೇಲೆಯೇ ಗರ್ಭ ಧರಿಸಬೇಕು.

ಸ್ಟೀರಾಯ್ಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ‘ಇಮ್ಯೂನಿಟಿ ಕಮ್ಮಿ ಮಾಡಲು’ ಎಂದು ಪ್ರೆಡ್ನಿಸೋಲೋನ್ ಮಾತ್ರೆ ಬಹಳ ಸುಲಭವಾಗಿ ಬರೆಯುತ್ತಾರೆ. 1997ರಲ್ಲಿ ಕೆನಡಾದಲ್ಲಿ, ರಕ್ತದಲ್ಲಿ ಇಂಥ ಆ್ಯಂಟಿಬಾಡಿಗಳಿದ್ದು ಗರ್ಭ ಕಳೆದುಕೊಂಡ 202 ಹೆಂಗಸರಲ್ಲಿ ಅರ್ಧ ಜನರಿಗೆ ಸ್ಟೀರಾಯ್ಡ್ ಮತ್ತು ಆಸ್ಪಿರಿನ್, ಉಳಿದವರಿಗೆ ಔಷಧಿಯಿಲ್ಲದ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ಮಕ್ಕಳು ಉಳಿದ ಪ್ರಮಾಣ 65 ಮತ್ತು 56 ಶೇಕಡಾ, ಖಚಿತ ಎನ್ನುವಷ್ಟು ಅಂತರವಲ್ಲ. ಆದರೆ ಅವಧಿಗೆ ಮುಂಚೆ ಹೆರಿಗೆ ಸ್ಟೀರಾಯ್ಡ್ ಗುಂಪಿನಲ್ಲಿ 62 ಶೇಕಡಾ, ಇನ್ನೊಂದರಲ್ಲಿ 12. ಬಿಪಿ, ಸಕ್ಕರೆ ಏರಿದ್ದು ಬೇರೆ. ಲೂಪಸ್‌ನಂಥ ಬೇರೆ ಕಾರಣಕ್ಕೆ ಸ್ಟೀರಾಯ್ಡ್ ಬೇಕಾದವರ ಮಾತು ಬೇರೆ, ಅಂಥವರು ಈ ಸಾಲು ಓದಿ ಮಾತ್ರೆ ನಿಲ್ಲಿಸಬೇಡಿ. ರಕ್ತದ ಎನ್‌ಕೆ ಸೆಲ್ ಎಂಬ ಬಿಳಿಕಣಗಳ ಎಣಿಕೆ, ಡ್ರಿಪ್ಪಿನಲ್ಲಿ ಹಾಕುವ ಇಂಟ್ರಾಲಿಪಿಡ್ ಎಂಬ ಬಿಳಿ ದ್ರಾವಣ ಇವುಗಳಿಗೂ ನಾನು ನಿಮ್ಮ ದುಡ್ಡು ಖರ್ಚು ಮಾಡಿಸುವುದಿಲ್ಲ. ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್ ಬಗ್ಗೆ 2022ರಲ್ಲಿ ಜಪಾನಿನಿಂದ ಒಂದು ಭರವಸೆಯ ಅಧ್ಯಯನ ಬಂದಿದೆ. ಆದರೆ ಅದು ಕಾರಣವೇ ಸಿಗದೆ ನಾಲ್ಕು ಅಥವಾ ಹೆಚ್ಚು ಸಲ ಗರ್ಭ ಕಳೆದುಕೊಂಡವರಿಗೆ, ಲಕ್ಷಗಟ್ಟಲೆ ಖರ್ಚಿನದು, ನಿಮ್ಮ ಸ್ಥಿತಿಗೆ ಹೊಂದುವುದಿಲ್ಲ.

ಎರಡನೇ ಪರೀಕ್ಷೆ ಅಷ್ಟೂ ನೆಗೆಟಿವ್ ಬಂದರೆ? ಆಗ ಹೆಪಾರಿನ್ ಬೇಡ. ‘ಇರಲಿ, ಸೇಫ್ಟಿಗೆ’ ಎಂದು ಎಲ್ಲರಿಗೂ ಕೊಡುವ ರೂಢಿ ಬೆಳೆದಿದೆ. ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಇರುವ ಹೆಂಗಸರಲ್ಲಿ ಕೂಡ ಅದರಿಂದ ಲಾಭವಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಲೈಫ್-2 ಅಧ್ಯಯನ ತೋರಿಸಿದೆ: ಇಂಜೆಕ್ಷನ್ ತೆಗೆದುಕೊಂಡವರಲ್ಲಿ 72, ತೆಗೆದುಕೊಳ್ಳದವರಲ್ಲಿ 71 ಶೇಕಡಾ. ಆ ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಏನೂ ಚುಚ್ಚದೆಯೂ ನೂರಕ್ಕೆ ಎಪ್ಪತ್ತು ಜನರಿಗೆ ಮಗುವಾಗಿದೆ. ಯಾವುದೋ ಸೆಂಟರಿನ ಗೋಡೆಯ ಮೇಲೆ ಕೂಸುಗಳ ಫೋಟೋ ಸಾಲಾಗಿ ಕಂಡರೆ ಈ ಎಪ್ಪತ್ತು ನೆನಪಿರಲಿ. ಪರೀಕ್ಷೆ ನೆಗೆಟಿವ್ ಬಂದರೆ ಗರ್ಭಕೋಶದೊಳಗೆ ಅಡ್ಡಪರದೆ ಇದೆಯೇ ಎಂದು 3ಡಿ ಸ್ಕ್ಯಾನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಸಕ್ಕರೆ, ಇಬ್ಬರ ವರ್ಣತಂತು ಪರೀಕ್ಷೆ ಇವನ್ನು ನೋಡಬೇಕು. ಮೊದಲೆರಡನ್ನು ನಾನಾದರೆ ಈಗಲೇ ಮಾಡಿಸುತ್ತೇನೆ. ಥೈರಾಯ್ಡ್ ಆ್ಯಂಟಿಬಾಡಿ ಇದ್ದು ಟಿಎಸ್‌ಎಚ್ ಸರಿಯಿದ್ದರೆ ಮಾತ್ರೆಯಿಂದ ಪ್ರಯೋಜನವಿಲ್ಲ ಎಂಬುದು 2019ರಲ್ಲಿ ಸ್ಪಷ್ಟವಾಗಿದೆ. ಮುಂದಿನ ಗರ್ಭದಲ್ಲಿ ಶುರುವಿಗೇ ರಕ್ತ ಕಾಣಿಸಿಕೊಂಡರೆ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಮಾತ್ರೆ ನಿಮ್ಮಂತೆ ಮೂರು ಸಲ ಕಳೆದುಕೊಂಡವರಿಗೆ ನೆರವಾಗುತ್ತದೆ. ಹೆಪಾರಿನ್ ಮೇಲಿರುವಾಗ ಸೊಂಟಕ್ಕೆ ಹಾಕುವ ಪ್ರೊಜೆಸ್ಟರಾನ್‌ನ ಎಣ್ಣೆ ಇಂಜೆಕ್ಷನ್ ಬೇಡ ಅನ್ನಿ, ಅಲ್ಲಿ ರಕ್ತ ಗಂಟುಕಟ್ಟುತ್ತದೆ.

ಬೆಡ್ ರೆಸ್ಟ್ ಬಗ್ಗೆ ಮನೆಯವರಿಗೆಲ್ಲ ಕೇಳುವಂತೆ ಓದಿ ಹೇಳಿ. ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದು ಸುಳ್ಳು. ಎಪಿಎಸ್ ಇರುವವರು ತಿಂಗಳುಗಟ್ಟಲೆ ಮಂಚ ಹಿಡಿದರೆ ಕಾಲಿನಲ್ಲಿ ಹೆಪ್ಪುಗಟ್ಟಿ ಜೀವಕ್ಕೇ ಬರಬಹುದು. ಮನೆಗೆಲಸ, ಓಡಾಟ ಎಂದಿನಂತೆ ಇರಲಿ, ಭಾರ ಹೊರುವುದು ಬೇಡ. ಪಪ್ಪಾಯಿ, ಎಳ್ಳು, ಉಷ್ಣ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನಿಮ್ಮ ಮೂರು ಗರ್ಭಗಳಲ್ಲಿ ಯಾವುದೂ ತಿಂದದ್ದರಿಂದ ಹೋಗಿಲ್ಲ.

ಎಪಿಎಸ್ ಖಚಿತವಾಗಿ, ಗರ್ಭ ಮೂರು ತಿಂಗಳು ದಾಟಿದರೆ ಕೆಲಸ ಮುಗಿಯಲಿಲ್ಲ. ಎರಡನೇ ಅರ್ಧದಲ್ಲಿ ಬಿಪಿ ಏರುವುದು, ಮಗುವಿನ ತೂಕ ಕುಂಠಿತವಾಗುವುದು ಈ ಕಾಯಿಲೆಯ ಇನ್ನೊಂದು ಮುಖ. ಹಾಗಾಗಿ ಪ್ರತಿ ಭೇಟಿಯಲ್ಲಿ ಬಿಪಿ ಮತ್ತು ಮೂತ್ರದ ಪ್ರೋಟೀನು, ಐದನೇ ತಿಂಗಳಲ್ಲಿ ಅಂಗರಚನೆಯ ಸ್ಕ್ಯಾನ್, ಏಳನೇ ತಿಂಗಳಿಂದ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತದ ಹರಿವು ನೋಡುವ ಡಾಪ್ಲರ್ ಜೊತೆಗೆ ಬೆಳವಣಿಗೆಯ ಸ್ಕ್ಯಾನ್. ಇಂಜೆಕ್ಷನ್ ಶುರುವಾದ ಮೊದಲ ವಾರಗಳಲ್ಲಿ ಪ್ಲೇಟ್‌ಲೆಟ್ ಒಮ್ಮೆ ನೋಡಬೇಕು, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬಾರದು. ತಡೆಯಲಾಗದ ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು, ಒಂದೇ ಕಾಲು ಊತ, ಉಸಿರು ಕಟ್ಟುವುದು, ಹೆಚ್ಚು ರಕ್ತಸ್ರಾವ ಆದರೆ ಬೆಳಗಾಗಲಿ ಎಂದು ಕಾಯಬೇಡಿ. ಹೆರಿಗೆ ತಾಲ್ಲೂಕಿನಲ್ಲಿ ಬೇಡ. ನವಜಾತ ಶಿಶುಗಳ ಐಸಿಯು ಮತ್ತು ರಕ್ತನಿಧಿ ಎರಡೂ ಇರುವ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ. ನೋವು ಶುರುವಾದರೆ ಅವತ್ತಿನ ಹೆಪಾರಿನ್ ಹಾಕಿಕೊಳ್ಳದೆ ಹೊರಡಿ. ಸಿಸೇರಿಯನ್ನಿಗೆ ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ ಕಳೆದಿರಬೇಕು. ಎಷ್ಟು ಹೊತ್ತಿಗೆ ಹಾಕಿಕೊಂಡಿರಿ ಎಂದು ತಾಯಿ ಕಾರ್ಡಿನ ಮೇಲೆಯೇ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಬಾಣಂತನದ ಮೊದಲ ಆರು ವಾರವೂ ಇಂಜೆಕ್ಷನ್ ಮುಂದುವರಿಯುತ್ತದೆ, ಹೆಪ್ಪುಗಟ್ಟುವ ಅಪಾಯ ಆಗಲೇ ಹೆಚ್ಚು. ಎದೆಹಾಲು ಕೊಡಲು ಅದು ಅಡ್ಡಿಯಲ್ಲ.

ಸದ್ಯಕ್ಕೆ ಇಷ್ಟು ಮಾಡಿ. ಆ ಸೆಂಟರಿಗೆ ಫೋನ್ ಮಾಡಿ ತಾರೀಖು ರದ್ದು ಮಾಡಿಸಿ, ಮುಂಗಡ ಕಟ್ಟಿದ್ದರೆ ರಸೀದಿ ಹಿಡಿದು ವಾಪಸ್ ಕೇಳಿ. ಮೊದಲ ರಕ್ತಪರೀಕ್ಷೆಯ ತಾರೀಖಿನಿಂದ 12 ವಾರ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮ್ಮ ಲೆಕ್ಕದ ಪ್ರಕಾರ ಅದೂ ಮುಂದಿನ ತಿಂಗಳೇ ಬರುತ್ತದೆ. ಫೋಲಿಕ್ ಆಸಿಡ್ ಇವತ್ತಿನಿಂದ ಶುರು ಮಾಡಿ. ಹೊಸ ರಿಪೋರ್ಟು, ಹಳೆಯ ಮೂರೂ ಗರ್ಭಗಳ ಸ್ಕ್ಯಾನ್ ಕಾಗದಗಳು, ತಾಯಿ ಕಾರ್ಡುಗಳು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಹೊಟ್ಟೆಗೆ ಇಂಜೆಕ್ಷನ್ ಬೇಕಾಗಬಹುದು ಎಂದ ಆ ದಾವಣಗೆರೆಯ ಡಾಕ್ಟರನ್ನೇ ಮತ್ತೆ ಕಾಣಿ. ಅವರು ಸರಿಯಾದ ದಾರಿಯಲ್ಲೇ ಇದ್ದರು.